ಮೂವತ್ತೊಂದು ಹೊಸ್ತಿಲುಗಳು

ಜೂನ್ 3, ಸೋಮವಾರ

ಇವತ್ತು ನನ್ನ ನಕ್ಷೆಯ ಮೇಲೆ ದೂರು ಬಂತು. ಹನ್ನೊಂದು ವರ್ಷದ ಹಿಂದೆ ನಾನೇ ಬರೆದದ್ದು. ವಿಶ್ವವಿದ್ಯಾಲಯದ ಗೇಟಿನಲ್ಲಿ, ಗ್ರಂಥಾಲಯದ ಮುಂದೆ, ಹೊಸಬರಿಗೆ ಕೊಡುವ ಪುಸ್ತಿಕೆಯ ಹಿಂಬದಿಯಲ್ಲಿ, ಎಲ್ಲ ಕಡೆ ಅದೇ. ಮೂವತ್ತೊಂದು ಕಟ್ಟಡ, ಒಂದೊಂದು ಗೆರೆಯೂ ನನ್ನ ಕೈಯದು. ಕಟ್ಟಡ ವಿಭಾಗದಲ್ಲಿ ನಕ್ಷೆ ಬರೆಯಲು ಕೂತು ಇಪ್ಪತ್ತಾರು ವರ್ಷವಾಯಿತು. ಒಂದು ಗೆರೆ ತಪ್ಪಿದೆ ಅಂತ ಇದುವರೆಗೆ ಯಾರೂ ಬೆರಳು ತೋರಿಸಿಲ್ಲ.

ದೂರು ಕೊಟ್ಟವಳು ಗಣಿತ ಓದುವ ಹುಡುಗಿ. ಗಾಲಿಕುರ್ಚಿಯಲ್ಲಿ ಓಡಾಡುತ್ತಾಳೆ. ಹೋದ ತಿಂಗಳು ಹದಿನಾಲ್ಕನೇ ಕಟ್ಟಡದ ಎರಡನೇ ಮಹಡಿಯಲ್ಲಿ ಅವಳ ಮೌಖಿಕ ಪರೀಕ್ಷೆ ಇತ್ತಂತೆ. ನಕ್ಷೆಯಲ್ಲಿ ಹಿಂಬದಿಗೆ ಲಿಫ್ಟ್ ಇದೆ. ಹೋಗಿ ನೋಡಿದರೆ ಲಿಫ್ಟಿಗೆ ಅಡ್ಡ ಒಂದು ಬೀರು, ಒಳಗೆಲ್ಲ ಹಳೇ ಕಡತ. ಫೋನ್ ಮಾಡಿದರೆ ಪರೀಕ್ಷಕರು ಎತ್ತಲಿಲ್ಲ. ಮುಕ್ಕಾಲು ಗಂಟೆ ಕೆಳಗೇ ಕಾದು ವಾಪಸ್ ಹೋದಳಂತೆ. ಗೈರುಹಾಜರಿ ಅಂತ ಬರೆದರು.

ಇಂಜಿನಿಯರು ಕರೆಸಿದರು. ಆಗಸ್ಟ್ ಆರಕ್ಕೆ ಪರಿಶೀಲನಾ ತಂಡ ಬರುತ್ತದೆ, ಅಷ್ಟರೊಳಗೆ ಹೊಸ ನಕ್ಷೆ ಆಗಬೇಕು, ರ್ಯಾಂಪ್ ಇರುವ ಕಡೆಯೆಲ್ಲ ಗಾಲಿಕುರ್ಚಿಯ ಚಿತ್ರ ಹಾಕಿದರಾಯಿತು, ಎರಡು ದಿನದ ಕೆಲಸ ಅಂದರು. ಅರ್ಧ ಕೇಳಿಸಿತು, ಉಳಿದರ್ಧ ಅಂದಾಜು. ಅವರು ಕಿಟಕಿಗೆ ಮುಖ ಮಾಡಿ ಮಾತಾಡುವವರು. ಹೂಂ ಅಂದು ಬಂದೆ.

ಲಿಫ್ಟಿಗೆ ಕಡತ ತುಂಬಿದ್ದು ನಾನಲ್ಲ. ನಾನು ಬರೆದಾಗ ಅದು ಲಿಫ್ಟೇ ಆಗಿತ್ತು.

ಜೂನ್ 5, ಬುಧವಾರ

ಎರಡು ದಿನವೂ ಬೇಕಾಗಲಿಲ್ಲ. ಬೆಳಗ್ಗೆ ಹತ್ತರಿಂದ ಒಂದರೊಳಗೆ ಹತ್ತೊಂಬತ್ತು ಕಟ್ಟಡಗಳ ಮೇಲೆ ಹತ್ತೊಂಬತ್ತು ಪುಟ್ಟ ನೀಲಿ ಗಾಲಿಕುರ್ಚಿ ಕೂರಿಸಿದೆ. ನೋಡಲು ಚೆನ್ನಾಗಿಯೇ ಇತ್ತು. ದೂರು ಬಗೆಹರಿದಿದೆ ಅಂತ ಹುಡುಗಿಯ ಸಹಿ ಬೇಕು ಅಂತ ಇಂಜಿನಿಯರು ಅಂದರು, ನಕ್ಷೆ ತೆಗೆದುಕೊಂಡು ಹೋದೆ.

ಹಾಸ್ಟೆಲಿನ ವರಾಂಡದಲ್ಲಿದ್ದಳು. ಸಣ್ಣ ಮುಖ, ಗಟ್ಟಿ ಭುಜ. ನಕ್ಷೆಯನ್ನು ತೊಡೆಯ ಮೇಲೆ ಹರಡಿಕೊಂಡು ತುಂಬ ಹೊತ್ತು ನೋಡಿದಳು. ಬಯ್ಯುತ್ತಾಳೆ ಅಂದುಕೊಂಡಿದ್ದೆ, ನಕ್ಕಳು.

"ಮೇಡಂ, ಈ ಎಂಟನೇ ಕಟ್ಟಡದ ಬಾಗಿಲಲ್ಲಿ ನೀವು ಯಾವತ್ತಾದ್ರೂ ಒಳಗೆ ಹೋಗಿದ್ದೀರಾ?"

ಹೋಗಿಲ್ಲ. ಎಂಟಕ್ಕಷ್ಟೇ ಅಲ್ಲ, ಅರ್ಧಕ್ಕರ್ಧ ಕಟ್ಟಡಗಳಿಗೆ ನಾನು ಹೋಗಿಯೇ ಇಲ್ಲ. ಅಳತೆಯವರು ತಂದುಕೊಟ್ಟ ಅಂಕಿಗಳನ್ನು ಮೇಜಿನ ಮೇಲೆ ಗೆರೆ ಮಾಡಿದವಳು ನಾನು. ನನಗೆ ಗೊತ್ತಿರುವುದು ಚಾವಣಿಗಳು.

ಕರೆದುಕೊಂಡು ಹೋದಳು. ರ್ಯಾಂಪ್ ನುಣ್ಣಗೆ, ಅಂದವಾಗಿ ಮೇಲಕ್ಕೆ ಹೋಗುತ್ತದೆ. ತುದಿಯಲ್ಲಿ, ಬಾಗಿಲಿಗೆ ಮುಂಚೆ, ಒಂದು ಗೇಣಿನ ಮೆಟ್ಟಿಲು. ಕಟ್ಟಿದವರಿಗೆ ಅಲ್ಲಿಗೆ ಸಿಮೆಂಟು ಮುಗಿಯಿತೋ, ಸಂಜೆಯಾಯಿತೋ. ಇಲ್ಲೀತನಕ ಬಂದು ಬಾಗಿಲು ನೋಡಿಕೊಂಡು ಹೋಗಬಹುದು ಅಂದಳು, ಅದೂ ನಗುತ್ತಲೇ.

ತಪ್ಪು ಕಟ್ಟಿದವರದು, ಬರೆದವಳದಲ್ಲ. ಆದರೂ ಸಹಿ ಕೇಳಲು ಬಾಯಿ ಬರಲಿಲ್ಲ.

ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಹೊಲಿಗೆ ಮಿಷನ್ನಿನ ಮುಂದೆ ಕೂತು ಏನೋ ಉತ್ತರ ಕೊಟ್ಟರು. ಬಾಯ ತುಂಬ ಗುಂಡುಪಿನ್ನು ಕಚ್ಚಿಕೊಂಡು ಮಾತಾಡಿದರೆ ಯಾರಿಗೆ ತಾನೇ ಅರ್ಥವಾಗಬೇಕು.

ಜೂನ್ 11, ಮಂಗಳವಾರ

ನಿನ್ನೆಯಿಂದ ಒಂದೊಂದೇ ಕಟ್ಟಡ ಅಳೆಯುತ್ತಾ ನಡೆಯುತ್ತಿದ್ದೇವೆ. ನಾನು, ಗಣಿತದ ಹುಡುಗಿ, ಅವಳು ಕರೆತಂದ ಇನ್ನೊಬ್ಬರು. ಅವರು ಇತಿಹಾಸದ ಸಂಶೋಧಕ, ಮೂವತ್ತರ ಆಸುಪಾಸು, ಹುಟ್ಟಿನಿಂದ ಕಣ್ಣಿಲ್ಲ. ನನ್ನ ಕೈಯಲ್ಲಿ ಟೇಪು, ಅವರ ಕೈಯಲ್ಲಿ ಬಿಳಿ ಕೋಲು.

ರಜೆಯ ಕಟ್ಟಡಗಳು ದೊಡ್ಡ ಪ್ರಾಣಿಗಳ ಹಾಗೆ ಮಲಗಿವೆ. ಉದ್ದ ಓಣಿಗಳಲ್ಲಿ ಕಿಟಕಿಯಿಂದ ಬಿದ್ದ ಬಿಸಿಲು ಚೌಕ ಚೌಕವಾಗಿ ನೆಲದ ಮೇಲೆ; ಒಂದು ಚೌಕ ದಾಟಿದರೆ ಇನ್ನೊಂದು. ಹುಡುಗಿಯ ಕುರ್ಚಿ ಬೆಳಕಿಗೆ ಬಂದು, ನೆರಳಿಗೆ ಹೋಗಿ, ಮತ್ತೆ ಬೆಳಕಿಗೆ ಬರುತ್ತದೆ. ಹಿಂದೆ ನಡೆಯುತ್ತಾ ನನಗೆ ನಾವು ಯಾವುದೋ ದೋಣಿಯಲ್ಲಿ ಹೋಗುತ್ತಿರುವಂತೆ ಅನ್ನಿಸಿತು. ಸದ್ದೇ ಇಲ್ಲ. ಇತ್ತೀಚೆಗೆ ನನಗೆ ಎಲ್ಲವೂ ಹತ್ತಿಯಲ್ಲಿ ಸುತ್ತಿಟ್ಟ ಹಾಗೆ. ಒಂದು ಲೆಕ್ಕಕ್ಕೆ ನೆಮ್ಮದಿ.

ಸಂಶೋಧಕರು ಬೇರೆಯೇ ಒಂದು ನಕ್ಷೆ ಇಟ್ಟುಕೊಂಡಿದ್ದಾರೆ, ತಲೆಯೊಳಗೆ. ಇಲ್ಲಿ ಗೋಡೆ ಮುಗಿಯಿತು, ಗಾಳಿ ಎಡಗೆನ್ನೆಗೆ ತಾಗುತ್ತದೆ ಅನ್ನುತ್ತಾರೆ. ಇಲ್ಲಿ ಸೂರು ತಗ್ಗಿತು, ಕೋಲಿನ ಸದ್ದು ಕುಗ್ಗಿತು ಅನ್ನುತ್ತಾರೆ. ಅಳೆದು ನೋಡಿದರೆ ತಗ್ಗಿಯೇ ಇರುತ್ತದೆ. ಒಂದು ಕಡೆ ನಿಂತು, "ನೀರಿನ ಸದ್ದು ಕೇಳ್ತಾ ಇದೆಯಲ್ಲ ಮೇಡಂ, ನಾನು ಅಲ್ಲಿಗೆ ತಿರುಗ್ತೀನಿ" ಅಂದರು. ಹೌದು ಹೌದು ಅಂದೆ.

ಇವತ್ತಿಗೆ ಆರು ಕಟ್ಟಡ. ಬಾಗಿಲ ಅಗಲ, ಹೊಸ್ತಿಲ ಎತ್ತರ, ರ್ಯಾಂಪಿನ ಏರು, ಲಿಫ್ಟಿನ ಗುಂಡಿ ಕೂತವರ ಕೈಗೆ ಎಟಕುತ್ತದೆಯೋ ಇಲ್ಲವೋ, ಎಲ್ಲ ಬರೆದುಕೊಂಡೆ. ಇಂಜಿನಿಯರಿಗೆ ಇನ್ನೂ ಹೇಳಿಲ್ಲ.

ಜೂನ್ 14, ಶುಕ್ರವಾರ

ಕನಸು ಬಿತ್ತು. ಮೂವತ್ತೊಂದು ಚಾವಣಿಗಳೂ ಪೆಟ್ಟಿಗೆಯ ಮುಚ್ಚಳದ ಹಾಗೆ ಎದ್ದು ಆಕಾಶಕ್ಕೆ ಹೋದವು. ಕೆಳಗೆ ಜನ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದರು. ಏನೋ ಕೇಳುತ್ತಿದ್ದರು. ತುಟಿಗಳು ಕಾಣುತ್ತಿದ್ದವು, ಅಷ್ಟೇ.

ಜೂನ್ 22, ಶನಿವಾರ

ನಕ್ಷೆಯನ್ನು ಸಂಶೋಧಕರಿಗೆ ಹೇಗೆ ಕೊಡುವುದು? ಕಾಗದ ಅವರಿಗೆ ಬರೀ ಕಾಗದ. ಗೋಂದಿನಿಂದ ಗೆರೆ ಉಬ್ಬಿಸಿ ನೋಡಿದೆ, ಒಣಗಿದ ಮೇಲೆ ಉದುರಿತು. ದಪ್ಪ ಕಾಗದಕ್ಕೆ ಸೂಜಿ ಚುಚ್ಚಿದೆ, ಹರಿಯಿತು. ಊಟದ ಮೇಜಿನ ತುಂಬ ರದ್ದಿ ಹರಡಿಕೊಂಡು ಕೂತಿದ್ದಾಗ ನಮ್ಮವರು ಬಂದು ಬಗ್ಗಿ ನೋಡಿದರು.

"ಬಟ್ಟೆ ಮೇಲೆ ಹೊಲಿದ್ರೆ ಆಗಲ್ವಾ?" ಅಂದರು.

ಮೂವತ್ತು ವರ್ಷದಿಂದ ದರ್ಜಿಯ ಹೆಂಡತಿ ನಾನು. ಇದು ನನಗೆ ಹೊಳೆಯಬೇಡವೇ. ಮಧ್ಯಾಹ್ನವೆಲ್ಲ ಇಬ್ಬರೂ ಚೂರುಬಟ್ಟೆಯ ಮೂಟೆ ಬಿಚ್ಚಿ ಕೂತೆವು. ಗೋಡೆಗೆ ದಪ್ಪ ಹುರಿ. ದಾರಿಗೆ ಒರಟು ಕ್ಯಾನ್ವಾಸು, ಹುಲ್ಲಿಗೆ ಮಕಮಲ್ಲು. ರ್ಯಾಂಪಿಗೆ ಗೀರುಗೀರಾದ ಬಟ್ಟೆ, ಬೆರಳು ಮೇಲಕ್ಕೆ ಹೋದಂತೆ ಅನ್ನಿಸಬೇಕು ಅಂತ ಅವರೇ ಹುಡುಕಿದರು. ದೊಡ್ಡ ಬಾಗಿಲಿಗೆ ನಾಲ್ಕು ಕಣ್ಣಿನ ಗುಂಡಿ, ಪಕ್ಕದ ಬಾಗಿಲಿಗೆ ಎರಡು ಕಣ್ಣಿನದು. ಬೀಗ ಹಾಕಿದ ಬಾಗಿಲಿಗೆ? ಅವರು ಒಂದು ಗಳಿಗೆ ಯೋಚಿಸಿ, ಗುಂಡಿ ತೂರುವ ಕಾಜಾ ಮಾಡಿ ಅದರ ಬಾಯನ್ನೇ ಹೊಲಿದು ಮುಚ್ಚಿಬಿಡೋಣ ಅಂದರು.

ಒಂದು ವಿಚಿತ್ರ ಕಂಡೆ. ಈಗ ಪಿನ್ನನ್ನು ಬಾಯಲ್ಲಿ ಇಟ್ಟುಕೊಳ್ಳುತ್ತಿಲ್ಲ. ಎಡಗೈ ಮಣಿಕಟ್ಟಿಗೆ ಪುಟ್ಟ ಮೆತ್ತೆ ಕಟ್ಟಿಕೊಂಡು ಅದಕ್ಕೆ ಚುಚ್ಚುತ್ತಾರೆ. ಯಾವಾಗಿನಿಂದಲೋ ಗೊತ್ತಿಲ್ಲ. ಕೇಳಿದರೆ ವಯಸ್ಸಾಯ್ತು, ಹಲ್ಲಿಗೆ ಒಳ್ಳೇದಲ್ಲ ಅಂದರು. ಇರಬಹುದು.

ಜುಲೈ 1, ಸೋಮವಾರ

ಬರೆಯಬಾರದು ಅಂದುಕೊಂಡಿದ್ದೆ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಇಪ್ಪತ್ತೆರಡನೇ ಕಟ್ಟಡಕ್ಕೆ ಹೋಗಿದ್ದೆವು, ದೊಡ್ಡ ಉಪನ್ಯಾಸ ಸಭಾಂಗಣ ಇರುವುದು. ಹುಡುಗಿ ರ್ಯಾಂಪ್ ಹುಡುಕಲು ಹಿಂದಕ್ಕೆ ಹೋಗಿದ್ದಳು. ಸಂಶೋಧಕರು, ನಾನು ಮೆಟ್ಟಿಲ ಮೇಲೆ ಕೂತಿದ್ದೆವು. ಅವರು ಮೆಲ್ಲಗೆ, ಏನೋ ವಿಷಯ ವಿಚಾರಿಸುವವರ ಹಾಗೆ ಕೇಳಿದರು.

"ಮೇಡಂ, ನಿಮಗೆ ಎಡಗಿವಿ ಯಾವಾಗಿನಿಂದ ಕೇಳಿಸ್ತಾ ಇಲ್ಲ?"

ಮೂರು ವಾರದಿಂದ ನೀವು ಯಾವಾಗಲೂ ನನ್ನ ಎಡಕ್ಕೇ ನಡೀತೀರ, ನಾನು ನಿಮ್ಮ ಬಲಕ್ಕಿರೋ ಹಾಗೆ ನೋಡ್ಕೋತೀರ ಅಂದರು. ನೀರಿನ ಸದ್ದು ಅಂದ ದಿನ ಅಲ್ಲಿ ನೀರೇ ಇರಲಿಲ್ಲವಂತೆ. ಸುಮ್ಮನೆ ಹೇಳಿ ನೋಡಿದೆ, ತಪ್ಪಾಯ್ತು, ಕ್ಷಮಿಸಿ ಅಂದರು.

ಕಣ್ಣಿಲ್ಲದವರು ನನ್ನನ್ನು ನೋಡಿಬಿಟ್ಟರು. ಮೈಯೆಲ್ಲ ಉರಿಯಿತು. ಪರೀಕ್ಷೆ ಮಾಡಲು ನಾನೇನು ಇಲಿಯೇ ಅಂದೆ. ಟೇಪು ಸುತ್ತಿಕೊಂಡು, ಹುಡುಗಿ ಬರುವುದನ್ನೂ ಕಾಯದೆ ಬಂದುಬಿಟ್ಟೆ. ನಾಲ್ಕು ವರ್ಷದಿಂದ ಒಬ್ಬರಿಗೂ ತಿಳಿಯದ ಹಾಗೆ ನಡೆಸಿಕೊಂಡು ಬಂದಿದ್ದೆ. ಇಂಜಿನಿಯರಿಗೆ, ಕಚೇರಿಯವರಿಗೆ, ನಮ್ಮವರಿಗೆ ಕೂಡ.

ಜುಲೈ 3

ಹೊರಗೆ ಹೋಗಲಿಲ್ಲ. ತಲೆನೋವು ಅಂತ ಹೇಳಿ ಕಳಿಸಿದೆ.

ಜುಲೈ 5

ಇವತ್ತೂ.

ಜುಲೈ 9, ಮಂಗಳವಾರ

ಬೆಳಗ್ಗೆ ಒಬ್ಬಳೇ ಇಪ್ಪತ್ತೆರಡಕ್ಕೆ ಹೋದೆ. ಹೋಗಬೇಕು ಅಂತ ಹೊರಟದ್ದಲ್ಲ, ಕಾಲು ಅತ್ತ ತಿರುಗಿತು. ಸಭಾಂಗಣದ ಚಾವಣಿ ಗುಮ್ಮಟದ ಹಾಗೆ. ಕಳೆದ ವರ್ಷ ಇಲ್ಲಿ ಒಂದು ಸಭೆಯಲ್ಲಿ ಎರಡು ಗಂಟೆ ಕೂತು ಒಂದು ಮಾತೂ ತಿಳಿಯದೆ, ಎಲ್ಲರೂ ಚಪ್ಪಾಳೆ ಹೊಡೆದಾಗ ನಾನೂ ಹೊಡೆದು ಬಂದಿದ್ದೆ. ಆ ದಿನ ಮುಂದಿನ ಸಾಲಿನಲ್ಲಿ ಕೂತಿದ್ದರೆ ಕೇಳಿಸುತ್ತಿತ್ತೇ? ಎಡಗಡೆಗೆ ಕೂತಿದ್ದರೆ?

ಸಂಶೋಧಕರಿಗೆ ಫೋನ್ ಮಾಡಿದೆ. ಕ್ಷಮೆಗಿಮೆ ಏನೂ ಹೇಳಲಿಲ್ಲ. "ಇಪ್ಪತ್ತೆರಡಕ್ಕೆ ಬರ್ತೀರಾ? ಮುಂದೆ ನಿಂತು ಏನಾದರೂ ಓದಬೇಕಿತ್ತು" ಅಂದೆ. ಏನು ಓದಬೇಕು ಅಂತಷ್ಟೇ ಕೇಳಿದರು.

ತಮ್ಮ ಪ್ರಬಂಧ ತಂದಿದ್ದರು. ಹಳೇ ದೀಪಸ್ತಂಭಗಳನ್ನು ಕಾಯುತ್ತಿದ್ದವರ ಚರಿತ್ರೆ. ಬೆರಳುಗಳನ್ನು ಚುಕ್ಕಿಗಳ ಮೇಲೆ ಆಡಿಸುತ್ತಾ ಓದತೊಡಗಿದರು. ನಾನು ಸೀಮೆಸುಣ್ಣ ಹಿಡಿದು ಒಂದೊಂದು ಕುರ್ಚಿಯಲ್ಲೂ ಕೂತು ಎದ್ದೆ. ಹಿಂದಿನ ಸಾಲುಗಳಲ್ಲಿ ಅವರ ದನಿ ಬರೀ ಹೊಗೆ. ನಡುವೆ ಬಂದರೆ ಒಂದೊಂದೇ ಮಾತು ತೇಲಿ ಬರುತ್ತದೆ: ಎಣ್ಣೆ, ಮಂಜು, ಯಾರೋ ಗಂಟೆ ಬಾರಿಸಿದರು. ಬಲಗಡೆಯ ಕಂಬ ದಾಟಿದ ಮೇಲೆ ಮತ್ತೆ ಮಾಯ. ಎಡಗಡೆ ಮೂರನೇ ಸಾಲಿಗೆ ಬಂದು ಕೂತೆ. ಇದ್ದಕ್ಕಿದ್ದ ಹಾಗೆ ಪೂರಾ ವಾಕ್ಯ ಬಂತು: ಮಂಜು ಕವಿದ ದಿನಗಳಲ್ಲಿ ದೀಪ ಕಾಣದೆ ಹೋದಾಗ ಅವನು ಪ್ರತಿ ಎರಡು ನಿಮಿಷಕ್ಕೆ ಗಂಟೆ ಬಾರಿಸುತ್ತಿದ್ದ. ಅಲ್ಲಿಂದ ಏಳಲು ಮನಸ್ಸಾಗಲಿಲ್ಲ. ಅಧ್ಯಾಯ ಮುಗಿಯುವವರೆಗೂ ಕೇಳಿದೆ.

ಆಮೇಲೆ ಎಷ್ಟು ಕುರ್ಚಿಗೆ ಗುರುತಾಯ್ತು ಅಂತ ಕೇಳಿದರು. ಇನ್ನೂರ ನಲವತ್ತರಲ್ಲಿ ಮೂವತ್ತೆಂಟು ಅಂದೆ. ನಕ್ಷೆಯಲ್ಲಿ ಒಂದು ಕಿವಿಯ ಚಿತ್ರವೂ ಬೇಕಾಗುತ್ತದೆ.

ಜುಲೈ 18, ಗುರುವಾರ

ಬಟ್ಟೆಯ ನಕ್ಷೆ ಆಯಿತು. ನಾಲ್ಕು ಕಟ್ಟಡಕ್ಕೆ ಮಾತ್ರ, ಹೋಗಿ ಬರಲು ಜಾಸ್ತಿ ಬೇಕಾದವು. ಸಂಶೋಧಕರನ್ನೂ ಹುಡುಗಿಯನ್ನೂ ಮನೆಗೇ ಕರೆದೆ. ನಮ್ಮ ಮನೆಗೆ ಎರಡು ಮೆಟ್ಟಿಲಿದೆ ಅನ್ನುವುದು ಹುಡುಗಿ ಬಾಗಿಲಿಗೆ ಬಂದಾಗ ನೆನಪಾಯಿತು. ನಮ್ಮವರು ಕತ್ತರಿಸುವ ಹಲಗೆ ತಂದು ಹಾಸಿದರು. ಊರೆಲ್ಲ ಅಳೆದು ಸ್ವಂತ ಮನೆಯನ್ನು ಬಿಟ್ಟಿದ್ದೆ.

ಸಂಶೋಧಕರು ಎರಡೂ ಕೈಯನ್ನು ಬಟ್ಟೆಯ ಮೇಲಿಟ್ಟರು. ಬೆರಳುಗಳು ಕ್ಯಾನ್ವಾಸಿನ ದಾರಿ ಹಿಡಿದು, ಮಕಮಲ್ಲಿನ ಅಂಚಿಗೆ ಬಂದು, ಗೀರು ಹತ್ತಿ, ಗುಂಡಿಯ ಮೇಲೆ ನಿಂತವು. "ಆರು ವರ್ಷ ಆಯ್ತು ಇಲ್ಲಿಗೆ ಬಂದು. ಗ್ರಂಥಾಲಯಕ್ಕೆ ಹಿಂದೆ ಇನ್ನೊಂದು ಬಾಗಿಲಿದೆ ಅಂತ ನನಗೆ ಈಗ ಗೊತ್ತಾಯ್ತು" ಅಂದರು.

ನಮ್ಮವರು ಎದ್ದು ಒಳಗೆ ಹೋದರು. ಚಹಾ ಮಾಡಲು ಅಂತ. ಚಹಾ ಆಗಲೇ ಮೇಜಿನ ಮೇಲಿತ್ತು.

ಜುಲೈ 29, ಸೋಮವಾರ

ಕರಡು ನಕ್ಷೆ ಇಂಜಿನಿಯರಿಗೆ ತೋರಿಸಿದೆ. ಮೂವತ್ತೊಂದರಲ್ಲಿ ಹನ್ನೊಂದು ಕಟ್ಟಡಕ್ಕೆ ಹಸಿರು: ಒಳಗೆ ಹೋಗಬಹುದು, ಮೇಲೂ ಹೋಗಬಹುದು. ಐದಕ್ಕೆ ಹಳದಿ: ನೆಲಮಹಡಿ ಮಾತ್ರ. ಉಳಿದ ಹದಿನೈದಕ್ಕೆ ಬೂದು: ಗಾಲಿಕುರ್ಚಿಗೆ ದಾರಿಯಿಲ್ಲ. ಎಲ್ಲಿ ಏನು ಅಡ್ಡ ಅಂತ ಪಕ್ಕದಲ್ಲಿ ಸಣ್ಣಕ್ಷರದಲ್ಲಿದೆ.

"ಇದೇನಮ್ಮ, ನಕ್ಷೆಯೋ ಚಾರ್ಜ್‌ಶೀಟೋ?" ಅಂದರು.

ಕೆಟ್ಟವರೇನಲ್ಲ. ರ್ಯಾಂಪಿಗೆ ಅಂತ ಮೂರು ಸಲ ಬರೆದರೂ ಮಂಜೂರಾಗಲಿಲ್ಲ, ಈಗ ತಂಡದ ಮುಂದೆ ಮುಖಕ್ಕೆ ಮಸಿ ಬಳಿದುಕೊಳ್ಳಬೇಕಾ ಅಂದರು. ಆಮೇಲೆ ದನಿ ತಗ್ಗಿಸಿದರು. ತುಟಿ ನೋಡಿ ತಿಳಿದುಕೊಂಡೆ. ಮುಖ್ಯ ನಕ್ಷೆಗಾರ್ತಿಯ ಹುದ್ದೆಗೆ ನನ್ನ ಹೆಸರಿನ ಕಡತ ಅವರ ಮೇಜಿನ ಮೇಲಿದೆ. ಜೂನಿನಲ್ಲಿ ಮಾಡಿದ ಹತ್ತೊಂಬತ್ತು ಚಿತ್ರದ ನಕ್ಷೆಯೇ ಚೆನ್ನಾಗಿತ್ತು, ಅದನ್ನೇ ತೋರಿಸೋಣ, ನೀವು ಪಕ್ಕದಲ್ಲಿ ಸುಮ್ಮನೆ ಕೂತಿರಿ ಸಾಕು.

ಸುಮ್ಮನೆ ಕೂತಿರುವುದು ನನಗೆ ಚೆನ್ನಾಗಿ ಬರುತ್ತದೆ. ನಕ್ಷೆ ಸುರುಳಿ ಸುತ್ತಿ ಬಂದೆ.

ಆಗಸ್ಟ್ 6, ಮಂಗಳವಾರ

ಸಭೆ ಆಡಳಿತ ಕಟ್ಟಡದ ಉದ್ದ ಕೋಣೆಯಲ್ಲಿ. ತಂಡದ ಮುಖ್ಯಸ್ಥೆ ವಯಸ್ಸಾದ ಹೆಂಗಸು, ಮೇಜಿನ ಆ ತುದಿಯಲ್ಲಿ. ನಾನು ಈ ತುದಿಯಲ್ಲಿ. ಸುರುಳಿ ತೊಡೆಯ ಮೇಲೆ. ಗೋಡೆಯ ಪರದೆಯ ಮೇಲೆ ಜೂನಿನ ನಕ್ಷೆ, ಹತ್ತೊಂಬತ್ತು ನೀಲಿ ಚಿತ್ರ. ಎಲ್ಲರ ತುಟಿಗಳೂ ಆಡುತ್ತಿದ್ದವು, ನೀರಿನಡಿ ಮೀನು ಬಾಯಿ ಬಿಟ್ಟು ಮುಚ್ಚಿದ ಹಾಗೆ. ಕಿಟಕಿಯ ಹೊರಗೆ ಮೋಡ ನಿಧಾನವಾಗಿ ಹೋಗುತ್ತಿತ್ತು. ನಾನೂ ಹಾಗೇ ತೇಲಿಹೋಗುತ್ತಿದ್ದೆನೋ ಏನೋ.

ಇದ್ದಕ್ಕಿದ್ದಂತೆ ಎಲ್ಲರೂ ನನ್ನನ್ನು ನೋಡಿದರು. ಆ ಹೆಂಗಸು ನನ್ನನ್ನೇ ಏನೋ ಕೇಳಿದ್ದರು. ಇಂಜಿನಿಯರು ಸಣ್ಣಗೆ ತಲೆಯಾಡಿಸಿದರು, ಹೌದು ಅನ್ನಿ ಅಂತ.

ನಾಲ್ಕು ವರ್ಷದಿಂದ ಇಂಥ ಗಳಿಗೆಯಲ್ಲಿ ನಾನು ಹೌದು ಅಂದಿದ್ದೇನೆ. ಆದರೆ ಏನು ಕೇಳಿದರು ಅಂತ ನನಗೆ ನಿಜವಾಗಿಯೂ ತಿಳಿಯಬೇಕಿತ್ತು. ಎದ್ದು ನಿಂತೆ.

"ನನಗೆ ಕಿವಿ ಸರಿಯಾಗಿ ಕೇಳಿಸಲ್ಲ. ಎಡಗಿವಿ ಪೂರ್ತಿ ಇಲ್ಲ. ನಾನು ಹತ್ತಿರ ಬರ್ತೀನಿ, ಇನ್ನೊಂದು ಸಲ ಹೇಳಿ."

ಆ ಉದ್ದ ಮೇಜಿನ ಪಕ್ಕ ನಡೆದುಹೋದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಷ್ಟು ದೂರವೇ ಇರಲಿಲ್ಲ. ಆಕೆ ನನ್ನ ಮುಖ ನೋಡಿ ಬಿಡಿಸಿ ಬಿಡಿಸಿ ಕೇಳಿದರು, ಈ ಹತ್ತೊಂಬತ್ತು ಕಟ್ಟಡಕ್ಕೂ ಗಾಲಿಕುರ್ಚಿ ಹೋಗುತ್ತದೆಯೇ ಅಂತ. ಇಲ್ಲ, ಹನ್ನೊಂದಕ್ಕೆ ಮಾತ್ರ ಸಲೀಸಾಗಿ ಹೋಗುತ್ತದೆ ಅಂದೆ. ಸುರುಳಿ ಬಿಚ್ಚಿ ಅವರ ಮುಂದೆ ಹಾಸಿದೆ. ತುದಿಗಳು ಸುತ್ತಿಕೊಳ್ಳದ ಹಾಗೆ ಯಾರದೋ ಕನ್ನಡಕದ ಪೆಟ್ಟಿಗೆ ಇಟ್ಟೆ.

ತುಂಬ ಹೊತ್ತು ನೋಡಿದರು. ಕಿವಿಯ ಚಿತ್ರದ ಮೇಲೆ ಬೆರಳಿಟ್ಟು, ಇಷ್ಟು ಸೂಕ್ಷ್ಮವಾಗಿ ಹೇಳಿದ ವಿದ್ಯಾರ್ಥಿ ಯಾರು ಅಂದರು.

"ವಿದ್ಯಾರ್ಥಿ ಅಲ್ಲ, ನಾನೇ" ಅಂದೆ.

ಆಮೇಲೆ ಎಲ್ಲರೂ ಎದ್ದು ಎಂಟನೇ ಕಟ್ಟಡಕ್ಕೆ ನಡೆದರು. ಒಂಬತ್ತು ಜನ ದೊಡ್ಡ ಮನುಷ್ಯರು ರ್ಯಾಂಪ್ ಹತ್ತಿ, ಆ ಒಂದು ಗೇಣಿನ ಮೆಟ್ಟಿಲ ಸುತ್ತ ಬಾವಿಗೆ ಇಣುಕುವವರ ಹಾಗೆ ನಿಂತಿದ್ದರು. ಇಂಜಿನಿಯರು ನನ್ನ ಕಡೆ ನೋಡಲಿಲ್ಲ.

ಮನೆಗೆ ಬಂದು ಎಲ್ಲ ಹೇಳಿದೆ, ಕಿವಿಯದನ್ನೂ. ನಮ್ಮವರು ಮಿಷನ್ ನಿಲ್ಲಿಸಿ ಕೇಳಿದರು. ಆಶ್ಚರ್ಯವೇನೂ ಪಡಲಿಲ್ಲ. ಶುಕ್ರವಾರ ಅಂಗಡಿ ತೆಗೆಯೋದಿಲ್ಲ, ಡಾಕ್ಟರ ಹತ್ತಿರ ಹೋಗೋಣ ಅಂದರು.

ಆಗಸ್ಟ್ 9, ಶುಕ್ರವಾರ

ಕಿವಿಯ ಡಾಕ್ಟರು ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಕೈ ಎತ್ತಲು ಹೇಳಿದರು. ಕೇಳಿಸದಾಗ ಎತ್ತಲಿಲ್ಲ. ಮೋಸ ಮಾಡಬೇಕು ಅನ್ನಿಸಲೇ ಇಲ್ಲ. ಬಲಗಿವಿಗೆ ಒಂದು ಯಂತ್ರ ಬರುತ್ತದೆ, ಎರಡು ವಾರ ಬೇಕಂತೆ. ಎಡಗಿವಿಗೆ ಏನೂ ಮಾಡುವಂತಿಲ್ಲ.

ಮಧ್ಯಾಹ್ನ ಕಚೇರಿಗೆ ಹೋದೆ. ಇಂಜಿನಿಯರು ನನ್ನ ಮೇಜಿನ ಹತ್ತಿರ ತಾವೇ ಬಂದು, ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು. ಮುಖ್ಯ ನಕ್ಷೆಗಾರ್ತಿಯ ಹುದ್ದೆ ಬೇರೆಯವರಿಗೆ ಹೋಯಿತು ಅಂದರು. ನನ್ನ ನಕ್ಷೆಯೇ ಅಚ್ಚಿಗೆ ಹೋಗಿದೆ, ಎಂಟನೇ ಕಟ್ಟಡದ ಮೆಟ್ಟಿಲನ್ನು ನಾಳೆ ತುಂಬಿಸುತ್ತಾರೆ, ರ್ಯಾಂಪುಗಳಿಗೆ ಮಂಜೂರಾತಿ ಸಿಕ್ಕಿದೆ. ಹುಡುಗಿಯ ಮೌಖಿಕ ಪರೀಕ್ಷೆ ನೆಲಮಹಡಿಯಲ್ಲಿ ಮತ್ತೆ ನಡೆಯುತ್ತದೆ. ಒಂದೊಂದು ಮಾತೂ ಕೇಳಿಸಿತು. ಹುದ್ದೆ ಹೋದದ್ದಕ್ಕೆ ಬೇಸರವಾಯಿತು. ಸುಳ್ಳು ಯಾಕೆ ಬರೆಯಲಿ.

ಆಗಸ್ಟ್ 12, ಸೋಮವಾರ

ತರಗತಿಗಳು ಶುರು. ಬೆಳಗ್ಗೆ ಗೇಟಿನ ಹತ್ತಿರ ಹೊಸ ನಕ್ಷೆಯ ಫಲಕ ನಿಲ್ಲಿಸಿದ್ದನ್ನು ನೋಡಲು ಹೋದೆ. ಎಲ್ಲಿ ನೋಡಿದರೂ ಹೊಸ ಮುಖಗಳು, ಬೆನ್ನಿಗೆ ಚೀಲ. ಗಣಿತದ ಹುಡುಗಿ ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ನನ್ನ ಮುಂದೆಯೇ ಜೋರಾಗಿ ಹೋದಳು. ಪರೀಕ್ಷೆ ಇವತ್ತೇ. ನಾನು ಕರೆಯಲಿಲ್ಲ.

ಫಲಕದ ಮುಂದೆ ಒಬ್ಬಳು ಊರುಗೋಲಿನ ಮೇಲೆ ನಿಂತಿದ್ದಳು, ನಾನು ಯಾವತ್ತೂ ನೋಡಿರದವಳು. ಈ ನಕ್ಷೆ ಬರೆದವರು ಯಾರು ಗೊತ್ತಾ ಅಂತ ಕೇಳಿದಳು. ನಾನೇ ಅಂದೆ. ಮತ್ತೆ ಏನೋ ಹೇಳಿದಳು, ಕೇಳಿಸಲಿಲ್ಲ. ಈ ಕಡೆ ಬಂದು ಹೇಳಮ್ಮ ಅಂದೆ. ಬಂದಳು. ಒಂಬತ್ತಕ್ಕೂ ಹದಿನೇಳಕ್ಕೂ ನಡುವೆ ಕೂರಲು ಒಂದು ಕಡೆಯೂ ಜಾಗವಿಲ್ಲ, ತನ್ನಂಥವರಿಗೆ ಅಷ್ಟು ದೂರ ಒಂದೇ ಉಸಿರಿಗೆ ಆಗುವುದಿಲ್ಲ, ನಕ್ಷೆಯಲ್ಲಿ ಅದು ಬರೆದೇ ಇಲ್ಲ, ತಪ್ಪಲ್ವಾ ಅಂದಳು.

ನಿಜ. ಬೆಂಚುಗಳನ್ನು ನಾವು ಯಾರೂ ಎಣಿಸಿರಲಿಲ್ಲ.

ಚೀಲದಲ್ಲಿ ಟೇಪು, ಪೆನ್ಸಿಲು ಎರಡೂ ಇದ್ದವು. ಎಲ್ಲಿ ಸುಸ್ತಾಗುತ್ತೆ ತೋರಿಸು, ಹೋಗಿ ನೋಡೋಣ ಅಂದೆ. ಹೊರಟೆವು. ಅವಳ ನಡಿಗೆ ನಿಧಾನ. ನನಗೂ ಅವಸರವಿರಲಿಲ್ಲ.